ಕನ್ನಡ ಹೆಸರಿನ ಫೈಲ್‌ಗಳು ಕಮಿಟ್ ಆಗುತ್ತಿಲ್ಲ. 6000ನೇ ರಿವಿಷನ್ ನಂತರ ಯಾವುದೂ ಆಗುತ್ತಿಲ್ಲ

ತೊಗರಿ ಕಣಜ (ಕಲಬುರಗಿ), ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನೆಹರು ಗಂಜ್ ಸಮೀಪ ನಮ್ಮದೊಂದು ಐದು ಜನರ ಚಿಕ್ಕ ಕಚೇರಿ ಇದೆ. ಅಡತ್ ಅಂಗಡಿಗಳಿಗೆ ಮತ್ತು ದಾಲ್ ಮಿಲ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕೆಲಸ. ಕೋಡ್ ಅಷ್ಟೇ ಅಲ್ಲದೆ, ಅಂಗಡಿಯವರು ಅಚ್ಚು ಹಾಕಿಸಿಕೊಳ್ಳುವ ಚೀಟಿಗಳ ನಮೂನೆಗಳನ್ನೂ ನಾವು ಸಬ್‌ವರ್ಷನ್‌ನಲ್ಲಿಯೇ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆ) ಇಡುತ್ತೇವೆ. ಬದಲಾವಣೆಯನ್ನು ಅದಕ್ಕೆ ಒಪ್ಪಿಸುವುದೇ ಕಮಿಟ್, ಹಾಗೆ ಒಪ್ಪಿಸಿದ ಪ್ರತಿಯೊಂದಕ್ಕೂ ಕ್ರಮಸಂಖ್ಯೆಯೊಂದಿಗೆ ಸಿಗುವ ಹೆಸರು ರಿವಿಷನ್. ಆ ನಮೂನೆಗಳಿಗೆ ‘ಆವಕ ಚೀಟಿ’, ‘ಹಮಾಲಿ ಲೆಕ್ಕ’, ‘ತೊಗರಿ ದರ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟಿದ್ದೇವೆ, ಏಕೆಂದರೆ ಅಂಗಡಿಯ ಗುಮಾಸ್ತರು ಫೋನಿನಲ್ಲಿ ಹೇಳುವ ಹೆಸರು ಅದೇ ಆಗಿರುತ್ತದೆ.

ಎರಡು ವಾರಗಳ ಹಿಂದೆ ಹಳೆಯ ಸರ್ವರ್ ಕಂಪ್ಯೂಟರ್ ಬದಲಿಸಿ, ಹೊಸದರಲ್ಲಿ ಉಬುಂಟು ಮತ್ತು ಸಬ್‌ವರ್ಷನ್ 1.14 ಹಾಕಿ, ರೆಪೊಸಿಟರಿಯನ್ನು, ಅಂದರೆ ಆ ಇಡೀ ಸಂಗ್ರಹವನ್ನು, ಅಲ್ಲಿಗೆ ಸಾಗಿಸಿದೆವು. ಈಗ ಅಪಾಚೆ ಎಂಬ ವೆಬ್ ಸರ್ವರ್ ಮೂಲಕ ಕೆಲಸ ನಡೆಯುತ್ತದೆ. ಅದರ ಮುಂದೆ ಎಚ್‌ಟಿಟಿಪಿಎಸ್‌ಗಾಗಿ ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಇದೆ. ಹುಮನಾಬಾದಿನ ತಮ್ಮ ಮನೆಯಿಂದ ಕೆಲಸ ಮಾಡುವ ಒಬ್ಬ ಸಹೋದ್ಯೋಗಿ ಮಾತ್ರ ಹಳೆಯ ರೂಢಿಯಂತೆ ಎಸ್‌ಎಸ್‌ಎಚ್ (ಸರ್ವರ್‌ಗೆ ನೇರವಾಗಿ ಲಾಗಿನ್ ಆಗುವ ದಾರಿ) ಮೂಲಕವೇ ಸೇರಿಕೊಳ್ಳುತ್ತಾರೆ.

ಹೊಸ ಸರ್ವರ್ ಬಂದಂದಿನಿಂದ ಇಂಗ್ಲಿಷ್ ಹೆಸರಿನ ಫೈಲ್‌ಗಳು ತೊಂದರೆಯಿಲ್ಲದೆ ಕಮಿಟ್ ಆಗುತ್ತಿದ್ದವು. ಕನ್ನಡ ಹೆಸರಿನ ಒಂದೇ ಒಂದು ಫೈಲ್ ಜೊತೆಗಿದ್ದರೂ ಇಡೀ ಕಮಿಟ್ ತಿರಸ್ಕೃತವಾಗುತ್ತಿತ್ತು. ಪ್ರಿ-ಕಮಿಟ್ ಹುಕ್ (ಕಮಿಟ್‌ಗೆ ಮುನ್ನ ಸರ್ವರ್‌ನಲ್ಲಿ ತಾನಾಗಿ ಓಡುವ ಚಿಕ್ಕ ಸ್ಕ್ರಿಪ್ಟ್) ತಡೆಯಿತು, ಎಕ್ಸಿಟ್ ಕೋಡ್ 1 ಎಂದು ಬರುತ್ತದೆ. ಅದರ ಕೆಳಗೆ, ದೋಷದ ಸಂದೇಶವನ್ನು ಯುಟಿಎಫ್-8ಕ್ಕೆ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಕ್ರಮ) ಪರಿವರ್ತಿಸಲು ಆಗಲಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದಿದೆ. ಹುಮನಾಬಾದಿನವರಿಗೆ ಮಾತ್ರ ನಾವು ಹುಕ್‌ನಲ್ಲಿ ಬರೆದಿಟ್ಟ ‘ಫೈಲಿನ ಗಾತ್ರ ತಿಳಿಯಲಿಲ್ಲ’ ಎಂಬ ಕನ್ನಡ ವಾಕ್ಯವೇ ಕಾಣಿಸುತ್ತದೆ. ಇಪ್ಪತ್ತು ಎಂಬಿಗಿಂತ ದೊಡ್ಡ ಫೈಲ್‌ಗಳನ್ನು ತಡೆಯುವುದು ಆ ಹುಕ್‌ನ ಕೆಲಸ. ನಮ್ಮ ಚೀಟಿಯ ನಮೂನೆಗಳು ನಲವತ್ತು ಕೆಬಿ ಕೂಡ ಇರುವುದಿಲ್ಲ.

ಇದನ್ನು ಹೇಗೋ ಸಹಿಸಿಕೊಂಡಿದ್ದೆವು. ಆದರೆ ಕಳೆದ ಶುಕ್ರವಾರದಿಂದ ಯಾವ ಹೆಸರಿನ ಫೈಲ್ ಕೂಡ ಕಮಿಟ್ ಆಗುತ್ತಿಲ್ಲ. ಅಂದು ಬೆಳಿಗ್ಗೆ ಹುಮನಾಬಾದಿನ ಸಹೋದ್ಯೋಗಿ ಮಾಡಿದ ಕಮಿಟ್ 6000ನೇ ರಿವಿಷನ್ ಆದ ಸಂತೋಷಕ್ಕೆ ಕಚೇರಿಯಲ್ಲಿ ಪೇಡೆ ಹಂಚಿದ್ದೆವು. ಅದೇ ಮಧ್ಯಾಹ್ನದಿಂದ ನಮಗೆಲ್ಲರಿಗೂ ‘ಪರ್ಮಿಷನ್ ಡಿನೈಡ್’ ಬರುತ್ತಿದೆ. ಫೈಲ್‌ಗಳ ದತ್ತಾಂಶವೆಲ್ಲ ಸರ್ವರ್‌ಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಕಮಿಟ್ ಮುರಿದುಬೀಳುತ್ತದೆ. ಪೇಡೆಗೆ ಕಾರಣರಾದವರು ಮಾತ್ರ ಈಗಲೂ ಇಂಗ್ಲಿಷ್ ಹೆಸರಿನ ಫೈಲ್‌ಗಳನ್ನು ನೆಮ್ಮದಿಯಿಂದ ಕಮಿಟ್ ಮಾಡುತ್ತಿದ್ದಾರೆ. ಡಿಸ್ಕಿನಲ್ಲಿ ಜಾಗ ಸಾಕಷ್ಟಿದೆ, ಐನೋಡ್‌ಗಳೂ ಇವೆ. ರೆಪೊಸಿಟರಿ ಕೆಟ್ಟಿದೆಯೇ ಎಂದು ನೋಡುವ ಎಸ್‌ವಿಎನ್‌ಅಡ್ಮಿನ್ ವೆರಿಫೈ ಆಜ್ಞೆಯನ್ನು ಪೂರ್ತಿ ಓಡಿಸಿದಾಗಲೂ ದೋಷ ಕಾಣಲಿಲ್ಲ. ಇವೆರಡೂ ಒಂದೇ ರೋಗವೋ, ಬೇರೆ ಬೇರೆಯೋ ಎಂಬುದೇ ತಿಳಿಯುತ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಶಹಾಪುರದವ (ಯಾದಗಿರಿ ಜಿಲ್ಲೆ), ಉತ್ತರ:

ನಮಸ್ಕಾರ ಸರ್. ಎರಡೂ ಬೇರೆ ಬೇರೆ. ಶುಕ್ರವಾರದ್ದನ್ನು ಮೊದಲು ಬಗೆಹರಿಸಿಕೊಳ್ಳಿ, ಏಕೆಂದರೆ ಅದು ಸರಿಯಾಗದ ಹೊರತು ಮೊದಲನೆಯದನ್ನು ಪರೀಕ್ಷಿಸಲು ಸಹ ಆಗುವುದಿಲ್ಲ. ಕಾರಣವನ್ನು ನೀವೇ ಬರೆದಿದ್ದೀರಿ. ಪೇಡೆಯ ಜೊತೆ ಸೇರಿಸಿ ಬರೆದದ್ದರಿಂದ ಅದು ಕಣ್ಣಿಗೆ ಬೀಳಲಿಲ್ಲ ಅಷ್ಟೆ.

ಸಬ್‌ವರ್ಷನ್ ಡಿಸ್ಕಿನಲ್ಲಿ ಸಂಗ್ರಹಿಸುವ ಎಫ್‌ಎಸ್‌ಎಫ್‌ಎಸ್ ವಿಧಾನದಲ್ಲಿ ಪ್ರತಿ ರಿವಿಷನ್ನೂ ಒಂದೊಂದು ಫೈಲ್ ಆಗಿ ಕೂರುತ್ತದೆ. ಒಂದೇ ಫೋಲ್ಡರಿನಲ್ಲಿ ಎಲ್ಲವೂ ತುಂಬಿಕೊಳ್ಳದಿರಲೆಂದು, ನಾವು ಬದಲಿಸದಿದ್ದರೆ, ಸಾವಿರ ರಿವಿಷನ್‌ಗಳಿಗೆ ಒಂದರಂತೆ ಹೊಸ ಉಪಫೋಲ್ಡರ್ ತೆರೆಯುತ್ತದೆ. 5999ನೆಯದು ‘5’ ಎಂಬ ಫೋಲ್ಡರಿನಲ್ಲಿದ್ದರೆ 6000ನೆಯದು ‘6’ ಎಂಬ ಹೊಸ ಫೋಲ್ಡರಿಗೆ ಹೋಗುತ್ತದೆ. ರಿವಿಷನ್‌ಗಳ ದತ್ತಾಂಶವಿರುವ ರೆವ್ಸ್‌ನಲ್ಲಿ ಒಂದು, ಅವುಗಳ ವಿವರವಿರುವ ರೆವ್‌ಪ್ರಾಪ್ಸ್‌ನಲ್ಲಿ ಒಂದು. ಆ ಫೋಲ್ಡರುಗಳನ್ನು ಹುಟ್ಟಿಸುವವರು 6000ನೇ ಕಮಿಟ್ ಮಾಡಿದವರೇ. ನೀವೆಲ್ಲರೂ ಅಪಾಚೆಯ ಮೂಲಕ ಹೋಗುವುದರಿಂದ ನಿಮ್ಮ ಪರವಾಗಿ ಡಿಸ್ಕಿಗೆ ಬರೆಯುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರ. ಎಸ್‌ಎಸ್‌ಎಚ್ ಮೂಲಕ ಬರುವವರ ಎಸ್‌ವಿಎನ್‌ಸರ್ವ್ (ಸಬ್‌ವರ್ಷನ್‌ನ ಸ್ವಂತ ಸರ್ವರ್ ಪ್ರೋಗ್ರಾಂ) ಅವರ ಸ್ವಂತ ಲಾಗಿನ್ ಹೆಸರಿನಲ್ಲಿ ಓಡುತ್ತದೆ. ಆದ್ದರಿಂದ ‘6’ ಎಂಬ ಫೋಲ್ಡರಿನ ಒಡೆತನ ಅವರದಾಯಿತು, ಗುಂಪು ಸಹ ಅವರದೇ ಆಯಿತು, 6001ನ್ನು ಅಲ್ಲಿಡಲು ಬಂದ ಅಪಾಚೆ ಹೊರಗಿನವನಾಗಿ ನಿಂತಿತು. ದತ್ತಾಂಶವೆಲ್ಲ ತಾತ್ಕಾಲಿಕ ಜಾಗಕ್ಕೆ ಬಂದು, ಅಲ್ಲಿಂದ ಈ ಫೋಲ್ಡರಿಗೆ ಸ್ಥಳಾಂತರವಾಗುವ ಕೊನೆಯ ಹೆಜ್ಜೆಯಲ್ಲಿ ಮಾತ್ರ ತಡೆ ಎದುರಾಗುವುದು ಇದೇ ಕಾರಣಕ್ಕೆ. 5999ರವರೆಗೆ ಯಾರಿಗೂ ತೊಂದರೆಯಾಗದಿರಲು, ಸ್ಥಳಾಂತರದ ದಿನ ನೀವು ಎಲ್ಲ ಹಳೆಯ ಫೋಲ್ಡರುಗಳಿಗೂ ಒಂದೇ ಸಲ ಗುಂಪಿನ ಅನುಮತಿ ಕೊಟ್ಟಿದ್ದಿರಬೇಕು. ಆದರೆ ಮುಂದೆ ಹುಟ್ಟುವ ಫೋಲ್ಡರುಗಳು ತಾಯಿ ಫೋಲ್ಡರಿನ ಗುಂಪನ್ನೇ ಪಡೆಯಲಿ ಎಂಬ ಸೆಟ್‌ಜಿಐಡಿ ಗುರುತನ್ನು ಹಾಕಿರಲಿಕ್ಕಿಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಅಪಾಚೆಯನ್ನು ನಿಲ್ಲಿಸಿ, ಹುಮನಾಬಾದಿನವರಿಗೂ ಹತ್ತು ನಿಮಿಷ ಕೈ ಬಿಡಲು ಹೇಳಿ. ರೆಪೊಸಿಟರಿಯ ಡಿಬಿ ಫೋಲ್ಡರಿನ ಒಳಗಿನ ಎಲ್ಲವನ್ನೂ ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಮತ್ತು ಅವರು ಇಬ್ಬರೂ ಸೇರಿರುವ ಗುಂಪಿಗೆ ಚೇಂಜ್ ಗ್ರೂಪ್ ಮಾಡಿ, ಫೋಲ್ಡರುಗಳಿಗೆ ಮಾತ್ರ ಗುಂಪಿನ ಬರೆಯುವ ಅನುಮತಿಯನ್ನೂ ಸೆಟ್‌ಜಿಐಡಿಯನ್ನೂ ಕೊಡಿ. ರಿವಿಷನ್ ಫೈಲ್‌ಗಳು ಓದಲು ಮಾತ್ರ ಇರುವಂಥವು. ಸಿಟ್ಟಿನಲ್ಲಿ ಎಲ್ಲದಕ್ಕೂ 777 (ಯಾರು ಬೇಕಾದರೂ ಬರೆಯಬಹುದೆಂಬ ಅನುಮತಿ) ಕೊಡುವ ಅಭ್ಯಾಸ ನಮ್ಮ ಕಡೆ ಬಹಳ ಜನರಿಗಿದೆ, ದಯವಿಟ್ಟು ಅದನ್ನು ಮಾಡಬೇಡಿ. ಎಸ್‌ಎಸ್‌ಎಚ್ ದಾರಿಯನ್ನು ಉಳಿಸಿಕೊಳ್ಳಲೇಬೇಕೆಂದರೆ ಎಸ್‌ವಿಎನ್‌ಸರ್ವ್ ಹೆಸರಿನ ಚಿಕ್ಕದೊಂದು ಶೆಲ್ ಸ್ಕ್ರಿಪ್ಟ್ ಬರೆದು, ಅದರಲ್ಲಿ ಹೊಸ ಫೈಲ್‌ಗಳಿಗೆ ಗುಂಪಿನವರೂ ಬರೆಯಬಲ್ಲಂತೆ ಯುಮಾಸ್ಕ್ 002 ಎಂದು ಹೊಂದಿಸಿ, ಆಮೇಲೆ ನಿಜವಾದ ಎಸ್‌ವಿಎನ್‌ಸರ್ವ್ ಅನ್ನು ಕರೆಯುವಂತೆ ಮಾಡಬೇಕು. ನನ್ನನ್ನು ಕೇಳಿದರೆ, ಐದು ಜನರ ಕಚೇರಿಗೆ ಎರಡು ಬಾಗಿಲು ಬೇಕಿಲ್ಲ. ಅವರನ್ನೂ ಎಚ್‌ಟಿಟಿಪಿಎಸ್‌ಗೆ ಕರೆತನ್ನಿ. ಇಲ್ಲವಾದರೆ 7000ಕ್ಕೆ ಮತ್ತೆ ಪೇಡೆ ಹಂಚುವಾಗ ಇದನ್ನು ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಬಿದರಿ ಕುಸುರಿ (ಬೀದರ್), ಉತ್ತರ:

ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಕನ್ನಡ ಹೆಸರಿನ ಫೈಲ್‌ಗಳ ವಿಷಯವನ್ನಷ್ಟೇ ತೆಗೆದುಕೊಳ್ಳುತ್ತೇನೆ.

ಹುಕ್‌ಗಳನ್ನು ಬರೆಯುವ ಬಹುತೇಕರು ಮರೆಯುವ ಒಂದು ಸಂಗತಿ ಇದೆ. ಸಬ್‌ವರ್ಷನ್ ತನ್ನ ಹುಕ್‌ಗಳನ್ನು ಖಾಲಿ ಪರಿಸರದಲ್ಲಿ, ಅಂದರೆ ಪ್ರೋಗ್ರಾಂಗಳಿಗೆ ಸಾಮಾನ್ಯವಾಗಿ ಸಿಗುವ ಹೊಂದಿಕೆಗಳಿಲ್ಲದೆ, ಓಡಿಸುತ್ತದೆ: ಪಾತ್ ಇರುವುದಿಲ್ಲ, ಹೋಮ್ ಇರುವುದಿಲ್ಲ, ಯಾವ ಭಾಷೆ, ಯಾವ ಅಕ್ಷರಸಂಕೇತ ಎಂದು ಹೇಳುವ ಲ್ಯಾಂಗ್ ಮತ್ತು ಎಲ್‌ಸಿ_ಆಲ್ ಸಹ ಇರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಉದ್ದೇಶಪೂರ್ವಕವಾಗಿಯೇ ಹಾಗೆ ಮಾಡಿದ್ದಾರೆ. ಏನನ್ನೂ ಹೇಳದಿದ್ದಾಗ ‘ಸಿ’ ಎಂಬ ಲೊಕೇಲ್ (ಭಾಷೆ ಮತ್ತು ಅಕ್ಷರಗಳ ಹೊಂದಿಕೆ) ಜಾರಿಗೆ ಬರುತ್ತದೆ, ಅದರ ಲೆಕ್ಕದಲ್ಲಿ ಇಂಗ್ಲಿಷಿನ ಆಸ್ಕಿ ಅಕ್ಷರಗಳಷ್ಟೇ ಅಕ್ಷರಗಳು. ರೆಪೊಸಿಟರಿಯ ಒಳಗೆ ನಿಮ್ಮ ಫೈಲಿನ ಹೆಸರು ಯುಟಿಎಫ್-8ರಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ಆದರೆ ಹುಕ್ ಒಳಗಿನಿಂದ ಯಾವ ಫೈಲ್‌ಗಳು ಬದಲಾಗಿವೆ ಎಂದು ಎಸ್‌ವಿಎನ್‌ಲುಕ್ ಚೇಂಜ್ಡ್ ಆಜ್ಞೆಯಿಂದ ಕೇಳಿದಾಗ, ಆ ಹೆಸರನ್ನು ಹೊರಗೆ ಮುದ್ರಿಸಲು ಅಕ್ಷರವಿಲ್ಲದೆ ಎಸ್‌ವಿಎನ್‌ಲುಕ್ ಅದನ್ನು ಸಂಖ್ಯೆಗಳಾಗಿ ಬಿಡಿಸಿಡುತ್ತದೆ. ಹಳೆಯ ಆವೃತ್ತಿಗಳಲ್ಲಿ ‘ಆ’ ಅಕ್ಷರದ ಬದಲು ಪ್ರಶ್ನೆಚಿಹ್ನೆಗಳ ಜೊತೆ 224, 178, 134 ಎಂಬ ಮೂರು ಬೈಟ್‌ಗಳು ಕಾಣುತ್ತಿದ್ದವು; ಈಗಿನವುಗಳಲ್ಲಿ ಪುಷ್ಪಾವರಣದೊಳಗೆ ಯೂನಿಕೋಡ್ ಸಂಖ್ಯೆ ಬರುತ್ತದೆ.

ನಿಮ್ಮ ಹುಕ್ ಆ ಸಂಖ್ಯೆಗಳ ಸಾಲನ್ನೇ ಫೈಲಿನ ಹೆಸರೆಂದು ನಂಬಿ, ಎಸ್‌ವಿಎನ್‌ಲುಕ್ ಫೈಲ್‌ಸೈಜ್‌ಗೆ ಮರಳಿ ಕೊಡುತ್ತದೆ. ಅಂಥ ಹೆಸರಿನ ಫೈಲ್ ರೆಪೊಸಿಟರಿಯಲ್ಲಿ ಇಲ್ಲ. ಗಾತ್ರದ ಜಾಗದಲ್ಲಿ ಏನೂ ಬರುವುದಿಲ್ಲ. ಹುಕ್ ‘ಗಾತ್ರ ತಿಳಿಯಲಿಲ್ಲ’ ಎಂದು ಸತ್ಯವನ್ನೇ ಹೇಳಿ 1ನ್ನು ಹಿಂದಿರುಗಿಸುತ್ತದೆ. ನಿಮಗೆ ಆ ಸತ್ಯ ಕಾಣದೆ ಹೋದದ್ದಕ್ಕೂ ಇದೇ ಜಾತಿಯ ಕಾರಣ. ಉಬುಂಟುವಿನಲ್ಲಿ ಅಪಾಚೆಯ ಎನ್‌ವಿವಾರ್ಸ್ ಫೈಲಿನಲ್ಲಿ ಲ್ಯಾಂಗ್ ಎಂಬುದನ್ನು ಸಿ ಎಂದೇ ಹೊಂದಿಸಿರುತ್ತಾರೆ, ಆದ್ದರಿಂದ ಹುಕ್‌ನ ಕನ್ನಡ ವಾಕ್ಯವನ್ನು ಅಪಾಚೆ ಅರ್ಥಮಾಡಿಕೊಳ್ಳಲಾಗದೆ ಅದರ ಬದಲು ಆ ಇಂಗ್ಲಿಷ್ ಸಾಲನ್ನು ಕಳಿಸಿತು. ಹುಮನಾಬಾದಿನವರ ಎಸ್‌ವಿಎನ್‌ಸರ್ವ್ ಅವರ ಲಾಗಿನ್‌ನ ಯುಟಿಎಫ್-8 ಲೊಕೇಲ್‌ನಲ್ಲಿ ಓಡುತ್ತಿರುವುದರಿಂದ ಅವರಿಗೆ ವಾಕ್ಯ ಕಾಣಿಸಿತು. ಆದರೂ ಹುಕ್ ಅವರಿಗೂ ಅಡ್ಡಬಂದಿತು, ಏಕೆಂದರೆ ಹುಕ್‌ಗೆ ಸಿಗುವ ಪರಿಸರ ಅವರದೂ ಖಾಲಿಯೇ.

ಇದನ್ನು ನಂಬುವ ಮೊದಲು ಪರೀಕ್ಷಿಸಿ ನೋಡಿ. ಕನ್ನಡ ಹೆಸರಿನ ಫೈಲ್ ಇದ್ದ ಯಾವುದಾದರೂ ಹಳೆಯ ರಿವಿಷನ್ ಆರಿಸಿಕೊಂಡು, ‘ಎನ್ವ್’ ಆಜ್ಞೆಗೆ ‘ಐ’ ಆಯ್ಕೆ ಕೊಟ್ಟು, ಅಂದರೆ ಪರಿಸರವನ್ನೆಲ್ಲ ಒರೆಸಿ ಹಾಕಿ, ಎಸ್‌ವಿಎನ್‌ಲುಕ್ ಚೇಂಜ್ಡ್ ಅನ್ನು ಆ ರಿವಿಷನ್ ಸಂಖ್ಯೆಯೊಂದಿಗೆ ಓಡಿಸಿ. ಸಂಖ್ಯೆಗಳು ಬರುತ್ತವೆ. ಅದೇ ಸಾಲಿನಲ್ಲಿ ಎಲ್‌ಸಿ_ಆಲ್ ಎಂಬುದಕ್ಕೆ ಸಿ.ಯುಟಿಎಫ್-8 ಎಂಬ ಬೆಲೆ ಕೊಟ್ಟು ಮತ್ತೆ ಓಡಿಸಿದರೆ ‘ಆವಕ ಚೀಟಿ’ ಎಂದು ಸರಿಯಾಗಿ ಬರುತ್ತದೆ. ನಿಮ್ಮ ಸ್ವಂತ ಟರ್ಮಿನಲ್‌ನಲ್ಲಿ ಹುಕ್ ಅನ್ನು ಹಾಗೆಯೇ ಓಡಿಸಿ ‘ನನಗೆ ಸರಿಯಾಗಿಯೇ ಬರುತ್ತಿದೆಯಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ಟರ್ಮಿನಲ್‌ನಲ್ಲಿ ನಿಮ್ಮ ಪರಿಸರ ಜೊತೆಗಿರುತ್ತದೆ, ಹುಕ್‌ಗೆ ಅದು ಇರುವುದಿಲ್ಲ.

ಪರಿಹಾರ ಒಂದೇ ಸಾಲು. ಹುಕ್‌ನ ಮೊದಲ ಸಾಲಾದ ಶೆಲ್‌ನ ಹೆಸರಿನ ಕೆಳಗೆ ಎಲ್‌ಸಿ_ಆಲ್ ಅನ್ನು ಸಿ.ಯುಟಿಎಫ್-8 ಎಂದು ಎಕ್ಸ್‌ಪೋರ್ಟ್ ಮಾಡಿ. ಕನ್ನಡ ಅಭಿಮಾನದಿಂದ ಕೆಎನ್_ಐಎನ್ ಲೊಕೇಲ್ ಹಾಕುವುದಾದರೆ ಅದು ಸರ್ವರ್‌ನಲ್ಲಿ ಸಿದ್ಧವಾಗಿದೆಯೇ ಎಂದು ‘ಲೊಕೇಲ್’ ಆಜ್ಞೆಯಲ್ಲಿ ನೋಡಿಕೊಳ್ಳಿ. ಇಲ್ಲದ ಲೊಕೇಲ್ ಹೆಸರು ಕೊಟ್ಟರೆ ಎಸ್‌ವಿಎನ್‌ಲುಕ್ ಒಂದು ಎಚ್ಚರಿಕೆ ಕೊಟ್ಟು ಮತ್ತೆ ಸಿ ಲೊಕೇಲ್‌ಗೇ ಮರಳುತ್ತದೆ. ಹುಕ್‌ಗಳು ಹಲವು ಇದ್ದರೆ, 1.8ರಿಂದ ಈಚೆಗೆ ರೆಪೊಸಿಟರಿಯ ಕಾನ್ಫ್ ಫೋಲ್ಡರಿನಲ್ಲಿ ಹುಕ್ಸ್-ಎನ್ವ್ ಎಂಬ ಫೈಲಿನಲ್ಲಿ ಇದನ್ನು ಒಮ್ಮೆಲೇ ಬರೆದಿಡಬಹುದು; ಆದರೆ ಅಪಾಚೆಗೆ ಎಸ್‌ವಿಎನ್‌ಹುಕ್ಸ್‌ಎನ್ವ್ ಎಂಬ ನಿರ್ದೇಶನದಿಂದ ಅದನ್ನು ಓದು ಎಂದು ಹೇಳಬೇಕು. ಹುಕ್‌ನ ಕನ್ನಡ ಸಂದೇಶ ಎಲ್ಲರಿಗೂ ಕಾಣಬೇಕೆಂದರೆ ಅಪಾಚೆಯಲ್ಲಿ ಎಸ್‌ವಿಎನ್‌ಯೂಸ್‌ಯುಟಿಎಫ್8 ಎಂಬುದನ್ನೂ ಆನ್ ಮಾಡಿ.

ಒಂದು ಎಚ್ಚರಿಕೆ. ಹುಕ್ ಅನ್ನು ಸರ್ವರ್‌ನಲ್ಲಿಯೇ ತಿದ್ದಿ. ವಿಂಡೋಸ್ ಕಂಪ್ಯೂಟರಿನಲ್ಲಿ ತಿದ್ದಿ ಕಳಿಸಿದರೆ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರವೊಂದು ಸೇರಿಕೊಂಡು, ಎಕ್ಸಿಟ್ ಕೋಡ್ 255 ಎಂದು ಬಂದು, ಸಂದೇಶವೇ ಇಲ್ಲದೆ ಎಲ್ಲ ಕಮಿಟ್‌ಗಳೂ ನಿಂತುಹೋಗುತ್ತವೆ. ಓಡಿಸುವ ಅನುಮತಿ ತಪ್ಪಿಹೋಗಿದ್ದರೂ 255ರದೇ ದರ್ಶನವಾಗುತ್ತದೆ.

ಹೊಸ ದಾರಿ (ಕಲಬುರಗಿ), ಉತ್ತರ:

ಇಷ್ಟೆಲ್ಲ ಕಷ್ಟ ಏಕೆ? ಸಬ್‌ವರ್ಷನ್ 2000ನೇ ಇಸವಿಯಲ್ಲಿ ಆರಂಭವಾದ ಯೋಜನೆ. ಈಗ ಎಲ್ಲರೂ ಇಂಥದೇ ಇನ್ನೊಂದು ವ್ಯವಸ್ಥೆಯಾದ ಗಿಟ್‌ನಲ್ಲಿದ್ದಾರೆ. ಅದಕ್ಕೆ ಹೋದರೆ ಈ ಸಮಸ್ಯೆಗಳೇ ಇರುವುದಿಲ್ಲ.

ಬಿದರಿ ಕುಸುರಿ (ಬೀದರ್), ಉತ್ತರ:

ಗಿಟ್‌ಗೆ ಹೋಗುವುದು ಬಿಡುವುದು ಅವರ ಕಚೇರಿಯ ವಿಚಾರ. ಆದರೆ ಈ ಸಮಸ್ಯೆ ಇರುವುದಿಲ್ಲ ಎಂಬುದು ಸರಿಯಲ್ಲ. ಗಿಟ್ ಸಹ ತನ್ನಷ್ಟಕ್ಕೆ ಬಿಟ್ಟರೆ ‘ಆ’ ಅಕ್ಷರವನ್ನು 340, 262, 206 ಎಂದು ಅಷ್ಟಮಾನ ಸಂಖ್ಯೆಗಳಲ್ಲಿ ಉದ್ಧರಣ ಚಿಹ್ನೆಯೊಳಗಿಟ್ಟು ತೋರಿಸುತ್ತದೆ, ಕೋರ್.ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಮಾಡಿದ ಮೇಲೆಯೇ ಕನ್ನಡ ಕಾಣುವುದು. ಹೆಸರನ್ನು ಎಚ್ಚರಿಕೆಯಿಲ್ಲದೆ ಓದುವ ಹುಕ್ ಅಲ್ಲಿಯೂ ಇದೇ ರೀತಿ ಎಡವುತ್ತದೆ.

ತೊಗರಿ ಕಣಜ (ಕಲಬುರಗಿ), ಮರುಪ್ರಶ್ನೆ:

ಇಬ್ಬರಿಗೂ ಅನಂತ ಧನ್ಯವಾದಗಳು. ‘6’ ಎಂಬ ಫೋಲ್ಡರಿನ ಗುಂಪು ನಿಜವಾಗಿಯೂ ಹುಮನಾಬಾದಿನವರ ಹೆಸರಿನಲ್ಲಿಯೇ ಇತ್ತು. ಅದನ್ನು ಸರಿಪಡಿಸಿದ ಕೂಡಲೇ 6009ನೇ ಕಮಿಟ್ ನನ್ನ ಕಂಪ್ಯೂಟರಿನಿಂದ ಹೋಯಿತು. ಅವರೂ ಎಚ್‌ಟಿಟಿಪಿಎಸ್‌ಗೆ ಬರಲು ಒಪ್ಪಿದ್ದಾರೆ.

ಹುಕ್‌ನಲ್ಲಿ ಲೊಕೇಲ್ ಸಾಲು ಸೇರಿಸಿದ ಮೇಲೆ ‘ಹಮಾಲಿ’ ಎಂಬ ಪರೀಕ್ಷಾ ಫೈಲ್ ಕಮಿಟ್ ಆಯಿತು, ಆದರೆ ‘ಆವಕ ಚೀಟಿ’ ಇನ್ನೂ ಆಗುತ್ತಿಲ್ಲ. ಈಗ ಸಂದೇಶ ಕನ್ನಡದಲ್ಲಿಯೇ ಬರುತ್ತಿದೆ, ‘ಆವಕ’ ಎಂಬ ಫೈಲಿನ ಗಾತ್ರ ತಿಳಿಯಲಿಲ್ಲ ಎನ್ನುತ್ತದೆ. ಚೀಟಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇನ್ನೆರಡು ತೊಡಕುಗಳಿವೆ: ಗ್ರಾಹಕರ ಪಿಡಿಎಫ್‌ಗಳನ್ನು ಸೇರಿಸಿದರೆ 413 ಎಂಬ ದೋಷ ಬರುತ್ತದೆ, ಫೈಲಿನ ಹೆಸರು ಬದಲಿಸಿ ಕಮಿಟ್ ಮಾಡಿದರೆ 502 ಬರುತ್ತದೆ.

ಕೊನೆಯದಾಗಿ, ನಮ್ಮ ಚೀಟಿಗಳ ವಿನ್ಯಾಸ ಮಾಡುವ ಸಹೋದ್ಯೋಗಿ ಹಳೆಯದೊಂದು ಮ್ಯಾಕ್ ಬಳಸುತ್ತಾರೆ. ಅವರು ಚೆಕ್‌ಔಟ್ ಮಾಡಿದ (ರೆಪೊಸಿಟರಿಯ ಫೈಲ್‌ಗಳನ್ನು ಇಳಿಸಿಕೊಂಡ) ತಕ್ಷಣವೇ ‘ತೊಗರಿ ದರ’ ಎಂಬ ಫೈಲ್ ಕಾಣೆಯಾಗಿದೆ ಎಂದು ಆಶ್ಚರ್ಯಸೂಚಕ ಚಿಹ್ನೆಯೂ, ಅದೇ ಹೆಸರಿನ ಅಪರಿಚಿತ ಫೈಲ್ ಇದೆ ಎಂದು ಪ್ರಶ್ನೆಚಿಹ್ನೆಯೂ ಒಟ್ಟಿಗೆ ಕಾಣಿಸುತ್ತವೆ. ಅವರು ಹಿಂದೊಮ್ಮೆ ಆ ಅಪರಿಚಿತವನ್ನು ಆಡ್ ಮಾಡಿ ಕಮಿಟ್ ಮಾಡಿದ್ದರಿಂದ ಈಗ ರೆಪೊಸಿಟರಿಯಲ್ಲಿ ‘ತೊಗರಿ ದರ’ ಎರಡಿವೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್‌ಗಳು ಹೇಗೆ ಸಾಧ್ಯ?

ಶಹಾಪುರದವ (ಯಾದಗಿರಿ ಜಿಲ್ಲೆ), ಉತ್ತರ:

413, ಅಂದರೆ ಕಳಿಸಿದ್ದು ತೀರ ದೊಡ್ಡದು ಎಂಬ ದೋಷ, ಎಂಜಿನ್‌ಎಕ್ಸ್‌ನದು. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಎಂಬ ಮಿತಿ ಹೇಳದಿದ್ದರೆ ಒಂದು ಎಂಬಿ ಇರುತ್ತದೆ. ರೆಪೊಸಿಟರಿಯ ವಿಳಾಸಕ್ಕೆ ಮಾತ್ರ ಅದನ್ನು 0 ಮಾಡಿದರೆ ತಪಾಸಣೆ ನಿಲ್ಲುತ್ತದೆ, ಗಾತ್ರವನ್ನು ಹೇಗೂ ನಿಮ್ಮ ಹುಕ್ ನೋಡಿಕೊಳ್ಳುತ್ತದೆ.

502 ಸ್ವಲ್ಪ ಸೂಕ್ಷ್ಮವಾದದ್ದು. ಹೆಸರು ಬದಲಿಸುವುದೆಂದರೆ ಸಬ್‌ವರ್ಷನ್‌ಗೆ ನಕಲು ಮಾಡಿ ಹಳೆಯದನ್ನು ಅಳಿಸುವುದು. ಆ ನಕಲಿನ ಕೋರಿಕೆಯಲ್ಲಿ ಎಲ್ಲಿಗೆ ನಕಲು ಎಂಬುದನ್ನು ಡೆಸ್ಟಿನೇಷನ್ ಎಂಬ ಹೆಡರ್‌ನಲ್ಲಿ ಪೂರ್ಣ ವಿಳಾಸವಾಗಿ ಕಳಿಸುತ್ತದೆ. ನಿಮ್ಮ ಕಂಪ್ಯೂಟರ್ ಅಲ್ಲಿ ಎಚ್‌ಟಿಟಿಪಿಎಸ್ ಎಂದು ಬರೆದಿರುತ್ತದೆ. ಎಂಜಿನ್‌ಎಕ್ಸ್ ಹಿಂದಿರುವ ಅಪಾಚೆಗೆ ತಾನು ಎಚ್‌ಟಿಟಿಪಿ ಎಂದಷ್ಟೇ ಗೊತ್ತು. ಇದು ಬೇರೆ ಯಾವುದೋ ಸರ್ವರ್‌ನ ವಿಳಾಸ ಎಂದು ತಿಳಿದು ಅದು 502 ಹಿಂದಿರುಗಿಸುತ್ತದೆ. ಅಪಾಚೆಯ ಹೆಡರ್ಸ್ ಮಾಡ್ಯೂಲ್ ಹಾಕಿ, ರಿಕ್ವೆಸ್ಟ್‌ಹೆಡರ್ ಎಡಿಟ್ ಎಂಬ ನಿರ್ದೇಶನದಿಂದ ಡೆಸ್ಟಿನೇಷನ್‌ನ ಮೊದಲಲ್ಲಿರುವ ಎಚ್‌ಟಿಟಿಪಿಎಸ್ ಅನ್ನು ಎಚ್‌ಟಿಟಿಪಿ ಎಂದು ಬದಲಿಸಿ, ಕೊನೆಯಲ್ಲಿ ‘ಅರ್ಲಿ’ ಎಂಬ ಪದ ಸೇರಿಸಿ.

ಚೀಟಿ ಕಾಣೆಯಾದದ್ದು ಹೆಸರಿನ ನಡುವಿನ ಖಾಲಿ ಜಾಗದಿಂದ. ನಿಮ್ಮ ಹುಕ್ ಆಕ್ ಆಜ್ಞೆಯಿಂದ ಎರಡನೆಯ ಪದವನ್ನು ಎತ್ತಿಕೊಳ್ಳುತ್ತಿರಬೇಕು. ಎಸ್‌ವಿಎನ್‌ಲುಕ್ ಚೇಂಜ್ಡ್ ಕೊಡುವ ಸಾಲಿನಲ್ಲಿ ಮೊದಲ ನಾಲ್ಕು ಸ್ಥಾನ ಸ್ಥಿತಿಗೆ ಮೀಸಲು. ಐದನೆಯದರಿಂದ ಸಾಲಿನ ಕೊನೆಯವರೆಗೆ ಇರುವುದೆಲ್ಲ ಹೆಸರೇ. ಕಟ್ ಆಜ್ಞೆಯಿಂದ ಐದನೆಯ ಅಕ್ಷರದಿಂದ ಮುಂದಿನದ್ದನ್ನೆಲ್ಲ ತೆಗೆದುಕೊಂಡು, ಒಂದೊಂದೇ ಸಾಲಾಗಿ ಓದಿ, ಬಳಸುವಾಗ ಉದ್ಧರಣ ಚಿಹ್ನೆಯೊಳಗಿಡಿ. ಅಳಿಸಿದ ಫೈಲ್‌ಗಳ ಗಾತ್ರವನ್ನು ಕೇಳಬಾರದು ಎಂಬುದನ್ನೂ ಗಮನಿಸಿ. ಹೆಸರು ಬದಲಿಸುವ ಕಮಿಟ್‌ನಲ್ಲಿ ಅಳಿಸುವ ಸಾಲೊಂದು ಇದ್ದೇ ಇರುತ್ತದೆ.

ಅಚ್ಚುಮೊಳೆ (ಕಲಬುರಗಿ), ಉತ್ತರ:

ಎರಡು ತೊಗರಿಗಳ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಪುಸ್ತಕಗಳ ಪುಟ ಕಟ್ಟುವ ಕೆಲಸದಲ್ಲಿ ಇದನ್ನು ಅನುಭವಿಸಿದ್ದೇನೆ.

ಅವು ಕಣ್ಣಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಎರಡು. ಕನ್ನಡದ ಐದು ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು: ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳು. ‘ತೊ’ ಎಂಬಲ್ಲಿನ ಒತ್ವ ಇಡಿಯಾಗಿ ಒಂದು ಸಂಕೇತ. ಬಿಡಿಸಿದರೆ ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಸಂಕೇತಗಳು. ನಾವು ಮಗ್ಗಿಯಂತೆ ಕಲಿತ ಕಾಗುಣಿತದಲ್ಲಿ ಕೈ ಬರೆಯುವ ಕ್ರಮವೂ ಹೆಚ್ಚುಕಡಿಮೆ ಹಾಗೆಯೇ ಇದೆ. ಯೂನಿಕೋಡ್ ನಿಯಮದಂತೆ ಎರಡೂ ಸಮಾನ, ಫಾಂಟ್ ಎರಡನ್ನೂ ಒಂದೇ ತೆರನಾಗಿ ಬಿಡಿಸುತ್ತದೆ. ಆದರೆ ಇಡಿಯಾಗಿ ಬರೆದ ‘ತೊಗರಿ’ ಯುಟಿಎಫ್-8ರಲ್ಲಿ 15 ಬೈಟ್, ಬಿಡಿಸಿ ಬರೆದದ್ದು 18 ಬೈಟ್. ಸಬ್‌ವರ್ಷನ್ ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ.

ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಕೀಲಿಮಣೆ ಏನು ಕೊಟ್ಟಿತೋ ಅದೇ ಡಿಸ್ಕಿಗೆ ಹೋಗುತ್ತದೆ, ಸಾಮಾನ್ಯವಾಗಿ ಅದು ಇಡಿಯಾದ ರೂಪ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಮಾತ್ರ ಫೈಲಿನ ಹೆಸರನ್ನು ತಾವೇ ಬಿಡಿಸಿ ಇಟ್ಟುಕೊಳ್ಳುತ್ತವೆ. ನಿಮ್ಮ ವಿನ್ಯಾಸಕಾರರು ಚೆಕ್‌ಔಟ್ ಮಾಡಿದಾಗ ಸರ್ವರ್ 15 ಬೈಟ್‌ನ ತೊಗರಿಯನ್ನು ಕೊಟ್ಟಿತು, ಡಿಸ್ಕ್ 18 ಬೈಟ್‌ನದನ್ನು ಇಟ್ಟಿತು, ಸಬ್‌ವರ್ಷನ್ ತಾನು ಕೊಟ್ಟದ್ದು ಕಾಣೆಯಾಗಿದೆ, ಯಾವುದೋ ಹೊಸದು ಬಂದಿದೆ ಎಂದು ತಿಳಿಯಿತು. ತಪ್ಪು ಅವರದಲ್ಲ. 2017ರ ಹೈ ಸಿಯೆರಾದಿಂದ ಮ್ಯಾಕ್‌ಗಳಲ್ಲಿ ಬಂದ ಎಪಿಎಫ್‌ಎಸ್ ಡಿಸ್ಕ್ ಹೆಸರನ್ನು ಕೊಟ್ಟಂತೆಯೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ಅವರ ಯಂತ್ರ ಹೊಸ ಆವೃತ್ತಿಗೆ ಏರುವಂತಿದ್ದರೆ ಅದೇ ಸುಲಭದ ದಾರಿ.

ಇದಕ್ಕಿಂತ ಕಪಟಿಯಾದದ್ದು ಇನ್ನೊಂದಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರವಾಗಬಾರದೆಂದು ನಡುವೆ ಹಾಕುವ ಶೂನ್ಯ ಅಗಲದ ಅಕ್ಷರ ನಿಮಗೆ ಗೊತ್ತಿರಬಹುದು. ಕೆಲವು ಕೀಲಿಮಣೆಗಳಲ್ಲಿ ‘ಗಂಜ್’, ‘ಚಾರ್ಜ್’ ಎಂಬ ಪದಗಳ ಕೊನೆಗೂ ಅದು ಅಂಟಿಕೊಳ್ಳುತ್ತದೆ. ಪದದ ಕೊನೆಯಲ್ಲಿದ್ದರೆ ಅದು ಯಾವ ಕಣ್ಣಿಗೂ ಕಾಣುವುದಿಲ್ಲ, ಯೂನಿಕೋಡ್‌ನ ಸಮಾನತೆಯ ನಿಯಮಕ್ಕೂ ಸಿಗುವುದಿಲ್ಲ. ಅನುಮಾನ ಬಂದ ಹೆಸರನ್ನು ಹೆಕ್ಸ್‌ಡಂಪ್‌ಗೆ ಹಾಕಿ ಬೈಟ್ ಎಣಿಸುವುದೊಂದೇ ಉಪಾಯ. ಇ2, 80, 8ಸಿ ಎಂಬ ಮೂರು ಬೈಟ್‌ಗಳು ಕಂಡರೆ ಅದೇ ಕಳ್ಳ.

ಈಗಿರುವ ಎರಡು ತೊಗರಿಗಳಲ್ಲಿ ಯಾವುದರಲ್ಲಿ ಇತ್ತೀಚಿನ ತಿದ್ದುಪಡಿ ಇದೆ ಎಂದು ಲಿನಕ್ಸ್ ಯಂತ್ರದಲ್ಲಿ ನೋಡಿ, ಒಂದಕ್ಕೆ ಸೇರಿಸಿ, ಬಿಡಿಸಿದ ಹೆಸರಿನದನ್ನು ಅಲ್ಲಿಂದಲೇ ಅಳಿಸಿ. ಮ್ಯಾಕ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಅಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ. ಮುಂದೆ ಹೀಗಾಗದಂತೆ ಹುಕ್‌ನಲ್ಲಿ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್ ಕರೆದು, ಬಂದ ಹೆಸರೂ ಅದರ ಎನ್‌ಎಫ್‌ಸಿ (ಇಡಿಯಾಗಿ ಜೋಡಿಸಿದ) ರೂಪವೂ ಒಂದೇ ಅಲ್ಲದಿದ್ದರೆ ತಡೆಯುವಂತೆ ಮಾಡಬಹುದು. ಅಳಿಸುವ ಸಾಲುಗಳನ್ನು ಈ ಪರೀಕ್ಷೆಯಿಂದ ಬಿಡಿ. ಇಲ್ಲವಾದರೆ ಕೆಟ್ಟ ಹೆಸರನ್ನು ಅಳಿಸಲು ಸಹ ಹುಕ್ ಬಿಡುವುದಿಲ್ಲ.

ಹೆಸರುಗಳನ್ನು ಉದ್ದವಾಗಿಡುವ ರೂಢಿ ನಿಮ್ಮಲ್ಲಿದ್ದರೆ ಇದನ್ನೂ ಗಮನಿಸಿ: ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟ್‌ಗಳ ಮಿತಿ, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಅಂದರೆ 85 ಸಂಕೇತಗಳು. ‘ಕ್ಷ’ ಒಂದೇ ಮೂರನ್ನು ನುಂಗುತ್ತದೆ.

ತೊಗರಿ ಕಣಜ (ಕಲಬುರಗಿ), ಕೊನೆಯ ವರದಿ:

ಎಲ್ಲರಿಗೂ ನಮಸ್ಕಾರ. ಕಟ್ ಆಜ್ಞೆಯ ತಿದ್ದುಪಡಿಯ ನಂತರ ‘ಆವಕ ಚೀಟಿ’ ಕಮಿಟ್ ಆಗಿದೆ. 413 ಮತ್ತು 502 ಎರಡೂ ಹೋದವು. ಹುಕ್‌ನ ಸಂದೇಶ ಈಗ ಅಪಾಚೆಯ ಮೂಲಕವೂ ಕನ್ನಡದಲ್ಲಿಯೇ ಬರುತ್ತಿದೆ.

ಹಳೆಯ ಸರ್ವರ್‌ನಲ್ಲಿ ಕನ್ನಡದ ಹೆಸರುಗಳು ಇಷ್ಟು ವರ್ಷ ಹೇಗೆ ಹೋಗುತ್ತಿದ್ದವು ಎಂಬ ಕುತೂಹಲದಿಂದ ನಿನ್ನೆ ಅದರ ಡಿಸ್ಕನ್ನು ಮತ್ತೆ ಜೋಡಿಸಿ ಹಳೆಯ ಹುಕ್ ತೆರೆದು ನೋಡಿದೆ. ಎರಡನೆಯ ಸಾಲಿನಲ್ಲಿ ಎಲ್‌ಸಿ_ಆಲ್ ಇತ್ತು. ಹೆಸರನ್ನು ಸಹ ಕಟ್ ಆಜ್ಞೆಯಿಂದಲೇ ಐದನೆಯ ಅಕ್ಷರದಿಂದ ತೆಗೆದುಕೊಂಡಿದ್ದರು. ಅದನ್ನು ಬರೆದವರು ಈಗ ನಮ್ಮಲ್ಲಿಲ್ಲ, ಬೆಂಗಳೂರಿಗೆ ಹೋಗಿದ್ದಾರೆ. ಸ್ಥಳಾಂತರದ ದಿನ ಹುಕ್ ಅನ್ನು ಹೊಸದಾಗಿ, ಚೊಕ್ಕಟವಾಗಿ ಬರೆಯುತ್ತೇನೆ ಎಂದು ಕುಳಿತು ಅನಾವಶ್ಯಕವೆನಿಸಿದ ಸಾಲುಗಳನ್ನು ತೆಗೆದವನು ನಾನೇ. ಈಗ ಆ ಸಾಲಿನ ಮೇಲೆ ಅದು ಏಕಿದೆ ಎಂದು ಟಿಪ್ಪಣಿ ಬರೆದಿದ್ದೇನೆ.

ಎರಡು ತೊಗರಿಗಳಲ್ಲಿ 18 ಬೈಟ್‌ನದರಲ್ಲಿಯೇ ಹೊಸ ದರದ ಅಂಕಣ ಇತ್ತು. ಅದನ್ನು 15ರದಕ್ಕೆ ಸೇರಿಸಿ ಅಳಿಸಿದ್ದು 6031ನೇ ರಿವಿಷನ್. ಎನ್‌ಎಫ್‌ಸಿ ಪರೀಕ್ಷೆಯನ್ನು ಹುಕ್‌ಗೆ ಸೇರಿಸುವ ಕೆಲಸ ಮಾತ್ರ ಬಾಕಿಯಿದೆ. ಗಂಜ್‌ನಲ್ಲಿ ಆವಕದ ಗಡಿಬಿಡಿ ಇಳಿದ ಮೇಲೆ ಅದಕ್ಕೆ ಕೈ ಹಾಕುತ್ತೇನೆ, ಅಲ್ಲಿಯವರೆಗೆ ವಿನ್ಯಾಸದ ಫೈಲ್‌ಗಳನ್ನು ಮ್ಯಾಕ್‌ನಿಂದ ನನಗೆ ಕಳಿಸಿದರೆ ನಾನೇ ಕಮಿಟ್ ಮಾಡುತ್ತೇನೆ ಎಂದು ಅವರಿಗೆ ಹೇಳಿದ್ದೇನೆ.